ಬುಲೆಟ್ ಒಮ್ಮೆಲೇ ಸತ್ತಿತು, ಮೀಟರ್ ಮಾತ್ರ ಎಲ್ಲ ಸರಿ ಅನ್ನುತ್ತಿತ್ತು

ಹಳೆಯ ಗಾಡಿ ದಾರಿಯಲ್ಲಿ ನಿಂತರೆ ಸ್ಪ್ಯಾನರ್ ತೆಗೆಯುವ ಮೊದಲು ಅದು ಹೇಗೆ ನಿಂತಿತು ಅಂತ ನೆನಪು ಮಾಡಿಕೊಳ್ಳಬೇಕು. ಪೆಟ್ರೋಲ್ ಸಿಗದ ಗಾಡಿ ಮೊದಲು ಎಳೆತ ಕಳೆದುಕೊಳ್ಳುತ್ತದೆ, ಕೆಮ್ಮುತ್ತದೆ, ಒಂದಷ್ಟು ದೂರ ಎಳೆದಾಡಿ ಆಮೇಲೆ ನಿಲ್ಲುತ್ತದೆ. ಕರೆಂಟ್ ಹೋದ ಗಾಡಿಗೆ ಈ ನಾಟಕ ಇಲ್ಲ. ಕೀ ಆಫ್ ಮಾಡಿದ ಹಾಗೆ ಸದ್ದು ನಿಂತೇಬಿಡುತ್ತದೆ.

ನನ್ನದು 1994ರ ಬುಲೆಟ್ 350. ಕಾಸ್ಟ್ ಐರನ್ ಇಂಜಿನ್, ಬಲಗಾಲಿಗೆ ಗೇರ್, 12 ವೋಲ್ಟ್ ಬ್ಯಾಟರಿ, ಪಾಯಿಂಟ್ ಇಗ್ನಿಷನ್ (ಸ್ಪಾರ್ಕ್ ಬರಲು ಕಾಯಿಲಿನ ಕರೆಂಟನ್ನು ಮುಚ್ಚಿ ತೆರೆಯುವ ಪುಟ್ಟ ಸ್ವಿಚ್ಚೇ ಪಾಯಿಂಟ್). ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಹೋಗುವಾಗ, ಮಂಜು ಅಂತ ಹಗಲಲ್ಲೇ ಹೆಡ್‌ಲೈಟ್ ಹಾಕಿಕೊಂಡಿದ್ದೆ. ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ್ದೇ ತಡ, ಇಂಜಿನ್, ಲೈಟ್, ಹಾರ್ನ್ ಎಲ್ಲ ಒಟ್ಟಿಗೆ ಹೋದವು.

ಹಿಂದೆ ಕೂತಿದ್ದ ಭಾವ ಇಳಿದವರೇ, "ಪ್ಲಗ್ ಬಿಚ್ಚು ಮಾರಾಯ, ಕಾರ್ಬನ್ ಹಿಡಿದಿರಬೇಕು" ಅಂದರು.

"ಪ್ಲಗ್ ಕೆಟ್ಟರೆ ಹಾರ್ನ್ ಯಾಕೆ ನಿಲ್ಲುತ್ತೆ ಭಾವ?" ಅಂದೆ.

ಎಲ್ಲವೂ ಒಟ್ಟಿಗೆ ಸತ್ತರೆ ಜನ ಗಾಬರಿಯಾಗುತ್ತಾರೆ. ನನಗೆ ಅದೇ ಸಮಾಧಾನ. ಪ್ಲಗ್, ಕಾಯಿಲ್, ಪಾಯಿಂಟ್, ಹಾರ್ನ್, ಬಲ್ಬ್ ಎಲ್ಲ ಒಂದೇ ಕ್ಷಣಕ್ಕೆ ಕೆಡುವುದಿಲ್ಲ, ಅಲ್ವಾ? ಎಲ್ಲಕ್ಕೂ ಕರೆಂಟ್ ಕೊಡುವ ಮೇನ್ ಲೈನಿನಲ್ಲೇ ತೊಂದರೆ ಇರಬೇಕು. ಆ ಲೈನು ಉದ್ದವೂ ಇಲ್ಲ. ಬ್ಯಾಟರಿ, ಟರ್ಮಿನಲ್, ಫ್ಯೂಸ್, ಕರೆಂಟ್ ಹರಿವು ತೋರಿಸುವ ಆಂಪಿಯರ್ ಮೀಟರ್, ಇಗ್ನಿಷನ್ ಸ್ವಿಚ್, ಮತ್ತೆ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಬರುವ ಅರ್ಥ್. ಅಷ್ಟೇ. ಹಾರ್ನ್, ಲೈಟ್ ಸರಿಯಾಗಿದ್ದು ಇಂಜಿನ್ ಮಾತ್ರ ಸತ್ತಿದ್ದರೆ ಆಗ ಸ್ಪಾರ್ಕ್ ಹುಟ್ಟಿಸುವ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಕಡೆ ಹೋಗಬೇಕು.

ಬುಲೆಟ್‌ನ ಆಂಪಿಯರ್ ಮೀಟರನ್ನು ಬಹಳ ಜನ ಸುಮ್ನೆ ಅಲಂಕಾರ ಅಂದುಕೊಂಡಿದ್ದಾರೆ. ಕೀ ಆನ್ ಮಾಡಿ, ಕಿಕ್ಕರನ್ನು ನಿಧಾನಕ್ಕೆ ಒತ್ತುತ್ತಾ ಅದರ ಮುಳ್ಳು ನೋಡಿ. ಪಾಯಿಂಟ್ ಮುಚ್ಚಿದಾಗ ಮುಳ್ಳು ಮೈನಸ್ ಕಡೆಗೆ ವಾಲುತ್ತದೆ, ತೆರೆದಾಗ ನಡುವಿಗೆ ಬರುತ್ತದೆ. ಹೀಗೆ ಆಡುತ್ತಿದ್ದರೆ ಬ್ಯಾಟರಿಯಿಂದ ಪಾಯಿಂಟ್‌ವರೆಗೆ ಕರೆಂಟ್ ಹರಿಯುತ್ತಿದೆ ಅಂತ, ಒಂದು ಸ್ಕ್ರೂ ಬಿಚ್ಚದೆ ಗೊತ್ತಾಯಿತು. ಅವತ್ತು ನನ್ನ ಗಾಡಿಯ ಮುಳ್ಳು ನಡುವಿನಿಂದ ಅಲ್ಲಾಡಲೇ ಇಲ್ಲ.

ಟರ್ಮಿನಲ್ ಬಿಗಿಯಾಗಿತ್ತು, ಬಿಳಿ ಪುಡಿ ಇರಲಿಲ್ಲ. ಫ್ಯೂಸ್ ಗಾಜಿನದು. ಒಳಗಿನ ತಂತಿ ಕಣ್ಣಿಗೆ ಚೆನ್ನಾಗಿ ಕಂಡರೂ ತುದಿಯ ಕ್ಯಾಪಿನ ಒಳಗೆ ಬಿಟ್ಟಿರಬಹುದು. ಹಾಗಾಗಿ ಬೇರೆ ಫ್ಯೂಸ್ ಹಾಕಿದೆ. ವ್ಯತ್ಯಾಸ ಇಲ್ಲ.

ಆಮೇಲೆ ಮಲ್ಟಿಮೀಟರ್ ತೆಗೆದೆ. ಬ್ಯಾಟರಿಯಲ್ಲಿ 12.6 ವೋಲ್ಟ್. ಫ್ಯೂಸಿನ ಆಚೆ 12.6. ಹೆಡ್‌ಲೈಟ್ ರಿಮ್ ಬಿಚ್ಚಿ ಡೂಮ್ (ಹೆಡ್‌ಲೈಟ್ ಕೂರುವ ಗೂಡು) ಒಳಗೆ ಆಂಪಿಯರ್ ಮೀಟರಿನ ಹಿಂದಿನ ಟರ್ಮಿನಲ್ ಮುಟ್ಟಿದರೆ ಅಲ್ಲೂ 12.5. ಇದರ ಪ್ರಕಾರ ಗಾಡಿಗೆ ಏನೂ ಆಗಿಲ್ಲ! ಹಾರ್ನ್ ಒತ್ತಿದರೆ ಮಾತ್ರ ಕಿರ್ ಅನ್ನುವ ಸದ್ದೂ ಇಲ್ಲ.

ಇಲ್ಲಿಗೆ ಬಂದ ಎಷ್ಟೋ ಜನ ವೈರ್ ಸರಿ ಇದೆ ಅಂತ ತೀರ್ಮಾನಿಸಿ ಇಗ್ನಿಷನ್ ಸ್ವಿಚ್ಚನ್ನೋ ಕಾಯಿಲನ್ನೋ ಬದಲಾಯಿಸಿಬಿಡುತ್ತಾರೆ. ಮಲ್ಟಿಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ ಅದು ಓದುವಾಗ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವೈರಿನೊಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಅದಕ್ಕೆ ಪೂರ್ತಿ ವೋಲ್ಟೇಜ್ ಕಾಣುತ್ತದೆ. ತೋಟದ ಪೈಪಿನಲ್ಲಿ ಕಸ ಕಟ್ಟಿದ್ದರೂ ಗೇಟ್‌ವಾಲ್ ಮುಚ್ಚಿರುವಾಗ ಪ್ರೆಶರ್ ಚೆನ್ನಾಗೇ ಇರುತ್ತದೆ. ತೆರೆದಾಗ ತಾನೇ ತೊಟ್ಟಿಕ್ಕುವುದು ಕಾಣುವುದು. ಲೈನಿಗೆ ಲೋಡ್ ಕೊಟ್ಟೇ, ಅಂದರೆ ಕರೆಂಟ್ ಎಳೆಯುವ ಏನಾದರೂ ಸೇರಿಸಿಯೇ ನೋಡಬೇಕು.

ಅದಕ್ಕೆ ನನ್ನ ಹತ್ತಿರ ಇರುವುದು ಒಂದು ಬಲ್ಬು. ಹಳೆಯ ಇಂಡಿಕೇಟರ್ ಹೋಲ್ಡರಿಗೆ 21 ವ್ಯಾಟ್ ಬಲ್ಬ್ ಹಾಕಿ, ಎರಡು ಉದ್ದ ವೈರ್ ಬಿಟ್ಟು, ತುದಿಗೆ ಕ್ರೊಕೊಡೈಲ್ ಕ್ಲಿಪ್ ಕಟ್ಟಿದ್ದೇನೆ. 12 ವೋಲ್ಟಿಗೆ ಇದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಒಂದು ಕ್ಲಿಪ್ ಬ್ಯಾಟರಿ ಮೈನಸ್ಸಿಗೆ ಹಾಕಿದೆ. ಇನ್ನೊಂದನ್ನು ಪ್ಲಸ್ಸಿಗೆ ಮುಟ್ಟಿಸಿದರೆ ಕಣ್ಣು ಕುಕ್ಕುವ ಬೆಳಕು. ಫ್ಯೂಸಿನ ಆಚೆಯೂ ಅಷ್ಟೇ ಬೆಳಕು. ಆಂಪಿಯರ್ ಮೀಟರಿನ ಟರ್ಮಿನಲ್ಲಿಗೆ ಮುಟ್ಟಿಸಿದರೆ ಕೈ ಅಡ್ಡ ಹಿಡಿದು ನೋಡಬೇಕಾಯಿತು. ಫಿಲಮೆಂಟ್ ಸ್ವಲ್ಪ ಕೆಂಪಗಾಗಿತ್ತು, ಅಷ್ಟೇ. ಬಲ್ಬ್ ಹಾಗೇ ಇಟ್ಟುಕೊಂಡು ಅದೇ ಜಾಗದಲ್ಲಿ ಮೀಟರ್ ಹಿಡಿದೆ. 12.5 ಇದ್ದದ್ದು 3 ವೋಲ್ಟಿಗೆ ಬಿದ್ದಿತ್ತು.

ಅಂದರೆ ಫ್ಯೂಸಿನಿಂದ ಆಂಪಿಯರ್ ಮೀಟರಿಗೆ ಹೋಗುವ ವೈರೇ ಕಳ್ಳ. ಟ್ಯಾಂಕ್ ಕೆಳಗೆ ಹಾದು ಹ್ಯಾಂಡಲ್ ಬುಡದಲ್ಲಿ ಡೂಮಿನೊಳಗೆ ನುಗ್ಗುವ ವೈರ್ ಅದು. ಬುಲೆಟ್‌ನಲ್ಲಿ ಫೋರ್ಕ್ ಜೊತೆ ಡೂಮೂ ತಿರುಗುತ್ತದೆ, ಹಾಗಾಗಿ ಹ್ಯಾಂಡಲ್ ತಿರುಗಿಸಿದಷ್ಟು ಸಲ ಆ ಜಾಗದ ವೈರ್ ಬಾಗುತ್ತದೆ. ಬಲ್ಬ್ ಭಾವನ ಕೈಗೆ ಕೊಟ್ಟು ಹ್ಯಾಂಡಲ್ ನಿಧಾನಕ್ಕೆ ಎಡಕ್ಕೆ, ಬಲಕ್ಕೆ ತಿರುಗಿಸಿದೆ. "ಹತ್ತಿತು... ಹೋಯ್ತು... ಮತ್ತೆ ಹತ್ತಿತು" ಅಂತ ಭಾವ ಕಾಮೆಂಟರಿ ಶುರು ಮಾಡಿದರು.

ಸ್ಲೀವ್ ಸೀಳಿ ವೈರ್ ಹೊರಗೆ ತೆಗೆದರೆ ಹೊರಗಿನಿಂದ ಒಂದು ಗೀರೂ ಇಲ್ಲ. ಎರಡು ಬೆರಳಿನಲ್ಲಿ ಒತ್ತುತ್ತಾ ಬಂದೆ. ಒಂದು ಕಡೆ ಮಾತ್ರ, ಒಳಗೆ ಏನೂ ಇಲ್ಲದ ಹಾಗೆ ಮೆತ್ತಗೆ ಮಡಚಿಕೊಂಡಿತು. ಬ್ಲೇಡಿನಲ್ಲಿ ಪ್ಲಾಸ್ಟಿಕ್ ಸೀಳಿದಾಗ ಹಸಿರು ಪುಡಿ ಉದುರಿತು, ಅದರ ನಡುವೆ ಒಂದೆರಡು ಎಳೆ ತಾಮ್ರ. ಮಲೆನಾಡಿನ ಮಳೆ ಇಷ್ಟು ವರ್ಷ ಆ ಜಾಗಕ್ಕೆ ನೀರು ಇಳಿಸಿತ್ತು.

ರಸ್ತೆ ಬದಿಯಲ್ಲಿ ಮಾಡಿದ್ದು ಇಷ್ಟೇ. ಕೆಟ್ಟ ಭಾಗ ಕತ್ತರಿಸಿ, ಬೇರೆ ವೈರಿನ ತುಂಡು ಸೇರಿಸಿ, ಹೊಳೆಯುವ ತಾಮ್ರ ಕಾಣುವವರೆಗೆ ಕೆರೆದು, ಬಿಗಿಯಾಗಿ ಹೊಸೆದು ಟೇಪ್ ಸುತ್ತಿದೆ. ಕೀ ಹಾಕಿ ಕಿಕ್ಕರ್ ಒತ್ತಿದರೆ ಮುಳ್ಳು ಮೈನಸ್ಸಿಗೆ ಹೋಗಿ ವಾಪಸ್ ಬಂತು. ಮುಂದಿನ ಕಿಕ್ಕಿಗೆ ಸ್ಟಾರ್ಟ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ಭಾವ ಇನ್ನೂ ಪ್ಲಗ್ ವಿಷಯ ಬಿಟ್ಟಿರಲಿಲ್ಲ.

ವೈರಿನಲ್ಲಿ ಕೆಟ್ಟ ಜಾಗ ಸಿಗದೇ ಹೋದರೆ ಇನ್ನೊಂದು ದಾರಿ ಇದೆ. ಬ್ಯಾಟರಿ ಪ್ಲಸ್ಸಿನಿಂದ ನಡುವೆ ಫ್ಯೂಸ್ ಇರುವ ಒಂದು ವೈರನ್ನು ನೇರ ಇಗ್ನಿಷನ್ ಕಾಯಿಲಿನ ಪ್ಲಸ್ಸಿಗೆ ಕೊಟ್ಟರೆ ಇಂಜಿನ್ ಓಡುತ್ತದೆ. ಕೀ ಆಗ ಲೆಕ್ಕಕ್ಕಿಲ್ಲ, ನಿಲ್ಲಿಸಬೇಕಾದರೆ ವೈರ್ ಕೀಳಬೇಕು. ನಿಲ್ಲಿಸಿದ ಮೇಲೆ ಅದನ್ನು ಹಾಗೇ ಬಿಡಬಾರದು. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಇಂಜಿನ್ ನಿಂತಿದ್ದರೆ ಕಾಯಿಲ್ ಕಾದು ಸುಡುತ್ತದೆ. ಬ್ಯಾಟರಿ ಚಾರ್ಜ್ ಆಗುತ್ತಿದೆ ಅಂತಲೂ ನಂಬಬೇಡಿ. ಹಗಲಲ್ಲೇ, ಲೈಟ್ ಆಫ್ ಮಾಡಿಕೊಂಡು, ಹತ್ತಿರದ ಊರಿನವರೆಗೆ ಸಾಕು.

ಮನೆಗೆ ಬಂದು ಆ ವೈರನ್ನು ಪೂರ್ತಿ ಬದಲಾಯಿಸಿದೆ. 2.5 ಚದರ ಮಿಲಿಮೀಟರಿನ, ತುಂಬ ಎಳೆ ಇರುವ ಆಟೋ ವೈರ್. ಮನೆ ವೈರಿಂಗಿನ ಒಂಟಿ ತಂತಿ ಗಾಡಿಗೆ ಬೇಡ, ಅದುರಿ ಅದುರಿ ಮುರಿಯುತ್ತದೆ. ಹ್ಯಾಂಡಲ್ ಬುಡದಲ್ಲಿ ವೈರ್ ಸ್ವಲ್ಪ ಸಡಿಲ ಬಿಟ್ಟಿದ್ದೇನೆ, ಬಾಗುವ ಜಾಗದಲ್ಲಿ ಬೆಸುಗೆ ಹಾಕಿಲ್ಲ. ಬೆಸುಗೆ ಹಾಕಿದ ಕಡೆ ವೈರ್ ಗಟ್ಟಿಯಾಗಿ, ಅದರ ಪಕ್ಕದಲ್ಲೇ ತುಂಡಾಗುತ್ತದೆ.

ಜೊತೆಗೆ ಅರ್ಥ್ ನೋಡಿದೆ. ಬಲ್ಬನ್ನು ಬ್ಯಾಟರಿ ಪ್ಲಸ್ಸಿಗೂ ಇಂಜಿನ್ನಿಗೂ ಹಿಡಿದು ಉರಿಸಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿಗೆ ಇಟ್ಟರೆ ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ. ಹೊಸದಾಗಿ ಪೇಂಟ್, ಪೌಡರ್ ಕೋಟಿಂಗ್ ಮಾಡಿಸಿದ ಗಾಡಿಗಳಲ್ಲಿ ಇದು ಜಾಸ್ತಿ. ನೋಡೋಕೆ ಶೋರೂಮಿನಿಂದ ಬಂದ ಹಾಗಿರುತ್ತದೆ, ಬೋಲ್ಟ್ ಕೆಳಗೆ ಪೇಂಟ್ ಕೂತು ಕರೆಂಟ್ ವಾಪಸ್ ಬರಲು ದಾರಿಯೇ ಇರುವುದಿಲ್ಲ.

ಫ್ಯೂಸ್ ಸುಟ್ಟು, ಹೊಸದು ಹಾಕಿದ ಕೂಡಲೇ ಮತ್ತೆ ಸುಡುತ್ತಿದ್ದರೆ ಅದು ಬೇರೆ ಕಥೆ. ಎಲ್ಲೋ ಪ್ಲಸ್ ವೈರ್ ಬಾಡಿಗೆ ತಾಗುತ್ತಿದೆ. ಗೆಳೆಯನೊಬ್ಬನ ಬುಲೆಟ್‌ಗೆ ಹೀಗಾಗಿತ್ತು. ಅವನು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಲು ಹೊರಟಿದ್ದ. ಹಾಗೆ ಮಾಡಿದರೆ ಫ್ಯೂಸ್ ಬದಲು ವೈರಿಂಗ್ ಕಿಟ್ಟೇ ಸುಡುತ್ತದೆ, ಅದರ ಮೇಲೆ ಕೂತಿರುವುದು ಪೆಟ್ರೋಲ್ ಟ್ಯಾಂಕ್. ನಾವು ಫ್ಯೂಸ್ ತೆಗೆದು ಅದರ ಜಾಗಕ್ಕೆ ಅದೇ 21 ವ್ಯಾಟ್ ಬಲ್ಬ್ ಸೇರಿಸಿದೆವು. ಶಾರ್ಟ್ ಇರುವವರೆಗೆ ಬಲ್ಬ್ ಪೂರ್ತಿ ಉರಿಯುತ್ತದೆ, ಆದರೆ ಏನೂ ಸುಡುವುದಿಲ್ಲ. ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ, ವೈರ್ ಅಲ್ಲಾಡಿಸುತ್ತಾ ಹಿಂದಕ್ಕೆ ಹೋದೆವು. ಟೇಲ್ ಲೈಟಿನ ಕನೆಕ್ಟರ್ ಬಿಚ್ಚಿದ್ದೇ ಬಲ್ಬ್ ಆರಿತು. ಹಿಂದಿನ ಮಡ್‌ಗಾರ್ಡ್ ಒಳಗೆ ಕ್ಲಿಪ್ ಕಳಚಿ, ವೈರ್ ಟೈರಿಗೆ ಉಜ್ಜಿ ಬತ್ತಲಾಗಿತ್ತು.

ಇದನ್ನೆಲ್ಲ ಎಲ್ಲ ಗಾಡಿಗೂ ಹಾಗೇ ಅನ್ವಯಿಸಬೇಡಿ. ಆರ್‌ಎಕ್ಸ್ 100ರಲ್ಲಿ ಸಿಡಿಐಗೆ (ಪಾಯಿಂಟ್ ಬದಲು ಇರುವ ಎಲೆಕ್ಟ್ರಾನಿಕ್ ಇಗ್ನಿಷನ್) ಕರೆಂಟ್ ಇಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ಟಿನಿಂದಲೇ ಬರುತ್ತದೆ, ಬ್ಯಾಟರಿ ಸತ್ತರೂ ಇಂಜಿನ್ ಓಡುತ್ತದೆ. ಹಾರ್ನ್ ಇಲ್ಲ ಅನ್ನುವುದರಿಂದ ಅಲ್ಲಿ ಸ್ಪಾರ್ಕ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಮೈಸೂರಿನಲ್ಲಿ ತಯಾರಾದ ಹಳೆಯ ಡೈನಮೋ ಜಾವಾ, ಯೆಜ್ಡಿಗಳು 6 ವೋಲ್ಟಿನವು. ಅವಕ್ಕೆ 6 ವೋಲ್ಟಿನ ಬಲ್ಬೇ ಬೇಕು. ಅಷ್ಟೇ ವ್ಯಾಟಿಗೆ ಅಲ್ಲಿ ಎರಡರಷ್ಟು ಕರೆಂಟ್ ಹರಿಯುತ್ತದೆ. ನಮ್ಮ 12 ವೋಲ್ಟಿನ ಗಾಡಿಯಲ್ಲಿ ಗೊತ್ತೇ ಆಗದಷ್ಟು ಸಣ್ಣ ತುಕ್ಕು ಅಲ್ಲಿ ಹೆಡ್‌ಲೈಟನ್ನು ಹಳದಿ ಮಾಡಿಬಿಡುತ್ತದೆ.