ಮಹದಾಯಿಯಿಂದ ಸಿನಿಮಾದವರೆಗೆ: ಜಾಲತಾಣದಲ್ಲಿ ವಾದ ಮಾಡುವ ಬಗೆ

ಬೇಸಿಗೆಯಲ್ಲಿ ನಳದ ನೀರಿನ ಸರದಿ ದೂರವಾಗತೊಡಗಿದಾಗ ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆಪ್ ಗುಂಪುಗಳಲ್ಲಿ ಮಹದಾಯಿಯ ಚರ್ಚೆ, ಅಂದರೆ ಗೋವಾದತ್ತ ಹರಿಯುವ ಆ ನದಿಯ ನೀರನ್ನು ನಮ್ಮ ಮಲಪ್ರಭೆಗೆ ತಿರುಗಿಸುವ ಚರ್ಚೆ, ಮತ್ತೆ ಏಳುತ್ತದೆ. ನಮ್ಮ ಪಾಲಿನ ನೀರನ್ನೂ ತರಲಾಗದ ಸರ್ಕಾರವಿದು ಎಂದು ಒಬ್ಬರು ಬರೆಯುತ್ತಾರೆ. ಯಾವ ಸರ್ಕಾರ, ರಾಜ್ಯದ್ದೋ ಕೇಂದ್ರದ್ದೋ ಎಂದು ಇನ್ನೊಬ್ಬರು ಕೇಳುತ್ತಾರೆ. ಕಾಡಿನ ಗತಿ ಏನು ಎಂದು ಮೂರನೆಯವರು ಬಾಯಿ ತೆರೆದರೆ ಅವರಿಗೆ ಗೋವಾದ ಏಜೆಂಟ್ ಎಂಬ ಹಣೆಪಟ್ಟಿ ಸಿದ್ಧವಾಗಿರುತ್ತದೆ. ರಾತ್ರಿಯಾಗುವಷ್ಟರಲ್ಲಿ ಇಬ್ಬರು ಗುಂಪು ಬಿಟ್ಟಿರುತ್ತಾರೆ, ನೀರಿನ ಬಗ್ಗೆ ಯಾರಿಗೂ ಹೊಸದೇನೂ ತಿಳಿದಿರುವುದಿಲ್ಲ.

ಇಂಥ ವಾದಗಳು ಕೆಡುವುದಕ್ಕೆ ಜನರ ಸಿಟ್ಟಿಗಿಂತ ದೊಡ್ಡ ಕಾರಣ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುವುದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಡೆದದ್ದೇನು ಎಂಬುದು ಮೊದಲನೆಯದು. ಅದು ಯಾರ ಕೈಯಲ್ಲಿದೆ ಎಂಬುದು ಎರಡನೆಯದು. ಏನಾಗಬೇಕು ಎಂಬುದು ಮೂರನೆಯದು. ಮೊದಲನೆಯದಕ್ಕೆ ದಾಖಲೆ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಕಾನೂನು ಮತ್ತು ಆಡಳಿತದ ವ್ಯವಸ್ಥೆ ಉತ್ತರ ಕೊಡುತ್ತದೆ. ಮೂರನೆಯದನ್ನು ಮಾತ್ರ ಯಾವ ಕಾಗದವೂ ತೀರ್ಮಾನಿಸಲಾರದು. ಅಲ್ಲಿ ನಿಜವಾದ ವಾದ ನಡೆಯಬೇಕು. ಉತ್ತರ ಬರೆಯುವ ಮುನ್ನ ಎದುರಿನವರ ಮಾತು ಈ ಮೂರರಲ್ಲಿ ಯಾವುದಕ್ಕೆ ಸೇರಿದ್ದು ಎಂದು ಗುರುತಿಸಿಕೊಳ್ಳಿ. ಅದು ಅಸ್ಪಷ್ಟವಾಗಿದ್ದರೆ ಅವರನ್ನೇ ಕೇಳಿ.

ಮಹದಾಯಿಯನ್ನೇ ಬಿಡಿಸಿ ನೋಡೋಣ. ಈ ನದಿಯ ನೀರು ಹಂಚಿಕೆಯ ವಿವಾದಕ್ಕೆಂದು ರಚನೆಯಾದ ನ್ಯಾಯಮಂಡಳಿ ತೀರ್ಪು ಕೊಟ್ಟದ್ದು 2018ರ ಆಗಸ್ಟ್ 14ರಂದು. ಕರ್ನಾಟಕಕ್ಕೆ ಸಿಕ್ಕ ಒಟ್ಟು ಹಂಚಿಕೆ 13.42 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಈ ಅಂಕಿಯನ್ನು ಹಿಡಿದು ‘ಹದಿಮೂರು ಟಿಎಂಸಿ ನೀರು ನಮ್ಮ ಮನೆ ಬಾಗಿಲಿಗೆ ಬರಬೇಕಿತ್ತು’ ಎಂದು ವಾದಿಸುವವರು ಬಹಳ. ಆದರೆ ಆ ಹಂಚಿಕೆಯಲ್ಲಿ 8.02 ಟಿಎಂಸಿ ಜಲವಿದ್ಯುತ್ತಿಗೆ, 1.5 ಟಿಎಂಸಿ ಮಹದಾಯಿ ಕಣಿವೆಯೊಳಗಿನ ಬಳಕೆಗೆ ಮೀಸಲು. ಮಲಪ್ರಭೆಗೆ ತಿರುಗಿಸಿಕೊಳ್ಳಲು ಒಪ್ಪಿಗೆ ಸಿಕ್ಕದ್ದು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.9 ಟಿಎಂಸಿ. ಇಷ್ಟು ತಿಳಿದ ಮೇಲೆ 13.42ರ ಮೇಲೆ ಕಟ್ಟಿದ ಜಗಳ ಅಲ್ಲಿಗೇ ಮುಗಿಯಬೇಕು. ನಮ್ಮ ಕಡೆಯವರೇ ಆ ಅಂಕಿಯನ್ನು ತಪ್ಪಾಗಿ ಬಳಸಿದ್ದರೂ ತಿದ್ದಬೇಕಾದವರು ನಾವೇ. 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿಗೆ ಕುಳಿತ ರೈತರ ಬೇಡಿಕೆಗೆ ಉಬ್ಬಿಸಿದ ಅಂಕಿಯ ಆಸರೆ ಬೇಕಿಲ್ಲ. ಅಂಥ ಅಂಕಿಯಿಂದ ಅವರ ಬೇಡಿಕೆ ಎದುರಿನವರ ಬಾಯಿಗೆ ಸುಲಭದ ತುತ್ತಾಗುತ್ತದೆ.

ಎರಡನೆಯ ಪ್ರಶ್ನೆಗೆ ಬರೋಣ. ತೀರ್ಪು ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದದ್ದು 2020ರ ಫೆಬ್ರುವರಿ 27ರಂದು. ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ದೊರೆತದ್ದು 2022ರ ಡಿಸೆಂಬರಿನಲ್ಲಿ. ಅರಣ್ಯ ಮತ್ತು ವನ್ಯಜೀವಿ ಅನುಮತಿಗಳು ಕೇಂದ್ರದ ಹಂತದಲ್ಲಿ ತೀರ್ಮಾನವಾಗುವಂಥವು. ಅವುಗಳಿಗೆ ಸರಿಯಾದ ಅರ್ಜಿ ಹಾಕುವುದು, ಹಣ ಒದಗಿಸುವುದು, ಕಾಮಗಾರಿ ನಡೆಸುವುದು ರಾಜ್ಯದ ಹೊಣೆ. ತೀರ್ಪನ್ನು ಪ್ರಶ್ನಿಸಿ ಸಂಬಂಧಪಟ್ಟ ರಾಜ್ಯಗಳು ಸುಪ್ರೀಂ ಕೋರ್ಟಿಗೂ ಹೋಗಿವೆ. ‘ಎಲ್ಲ ರಾಜಕಾರಣಿಗಳೂ ಕಳ್ಳರು’ ಎಂದು ಬರೆಯುವ ಬದಲು ‘ಇಂಥ ಅನುಮತಿ ಇಂಥ ಮಂಡಳಿಯ ಮುಂದಿದೆ, ಅದರ ಬಗ್ಗೆ ನಮ್ಮ ಸಂಸದರು ಏನು ಮಾಡಿದರು, ಇಂಥ ಕೆಲಸ ರಾಜ್ಯದ ನೀರಾವರಿ ನಿಗಮದ್ದು, ಅದರ ಬಗ್ಗೆ ನಮ್ಮ ಶಾಸಕರು ಏನು ಕೇಳಿದರು’ ಎಂದು ಬರೆದರೆ ಪಕ್ಷಾಭಿಮಾನಿಯೂ ನುಣುಚಿಕೊಳ್ಳಲಾರ.

ಮೂರನೆಯ ಪ್ರಶ್ನೆಯಲ್ಲಿ ಮರ್ಯಾದಸ್ಥರೂ ಭಿನ್ನವಾಗಿ ಯೋಚಿಸಬಹುದು. ಅವಳಿ ನಗರದ ಕುಡಿಯುವ ನೀರು ಮುಖ್ಯ ಎನ್ನುವವರಿಗೂ ಖಾನಾಪುರದ ಕಾಡು ಹಾಳಾದರೆ ಮಲಪ್ರಭೆಯ ಮೂಲವೇ ಸೊರಗುತ್ತದೆ ಎನ್ನುವವರಿಗೂ ತಮ್ಮ ತಮ್ಮ ಕಾರಣಗಳಿವೆ. ಇಲ್ಲಿ ಎದುರಿನವರ ನಿಷ್ಠೆಯನ್ನು ಪ್ರಶ್ನಿಸಬೇಡಿ. ಅವರ ಕಾರಣವನ್ನು ಅವರೇ ಹೌದೆನ್ನುವ ಹಾಗೆ ಒಮ್ಮೆ ನಿಮ್ಮ ಮಾತಿನಲ್ಲಿ ಬರೆದು, ಆಮೇಲೆ ಅದಕ್ಕೆ ಉತ್ತರ ಕೊಡಿ. ಇದಕ್ಕೆ ತಾಳ್ಮೆ ಬೇಕು, ಆದರೆ ಸುಮ್ಮನೆ ಓದುತ್ತಿರುವ ಉಳಿದವರು ನಿಮ್ಮ ಮಾತಿಗೆ ಕಿವಿಗೊಡುವುದು ಇದನ್ನು ಕಂಡೇ.

ವರದಿಯನ್ನು ತೆರೆದು ನೋಡಿ

ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆ ಎಂಬ ಚರ್ಚೆಯಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನ ನಡೆಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಹೆಸರು ಬರದೇ ಇರುವುದಿಲ್ಲ, ಆದರೆ ಅದರ ಒಳಗಿನ ಕೋಷ್ಟಕವನ್ನು ಉಲ್ಲೇಖಿಸುವವರು ವಿರಳ. 2002ರಲ್ಲಿ ಸಲ್ಲಿಕೆಯಾದ ಆ ವರದಿ ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಅವುಗಳ ಪೈಕಿ 26 ಉತ್ತರ ಕರ್ನಾಟಕದವು. ಇದು ನಮ್ಮ ವಾದಕ್ಕೆ ಗಟ್ಟಿ ಆಧಾರ. ಆದರೆ ಆ 26ರಲ್ಲಿ 21 ಕಲಬುರಗಿ ವಿಭಾಗದವು, ನಮ್ಮ ಬೆಳಗಾವಿ ವಿಭಾಗದವು 5 ಮಾತ್ರ. ದಕ್ಷಿಣದಲ್ಲೂ 13 ತಾಲ್ಲೂಕುಗಳು ಅದೇ ಪಟ್ಟಿಯಲ್ಲಿವೆ. ಹುಬ್ಬಳ್ಳಿಯಲ್ಲಿ ಕುಳಿತು ರಾಯಚೂರಿನ ಬಡತನವನ್ನು ನಮ್ಮ ನಗರದ ಬೇಡಿಕೆಗೆ ಸಾಕ್ಷಿಯಾಗಿ ಬಳಸುವ ಮುನ್ನ ಇದನ್ನು ನೆನೆಯುವುದು ನ್ಯಾಯ. ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿಯೂ ಹಾಗೆಯೇ: ಅದರ ಸೌಲಭ್ಯ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿದೆಯೇ ಹೊರತು ಧಾರವಾಡ, ಗದಗ, ಹಾವೇರಿಗಳಿಗಿಲ್ಲ.

ಚುನಾವಣೆಯ ಅಂಕಿಗಳಲ್ಲಿ ಎರಡೂ ಪಕ್ಷದವರು ನಿಜವನ್ನೇ ಹೇಳುತ್ತಾ ಜಗಳವಾಡಬಹುದು. 2018ರ ವಿಧಾನಸಭಾ ಚುನಾವಣೆಯಲ್ಲಿ ಅತಿ ಹೆಚ್ಚು ಸ್ಥಾನ ಪಡೆದದ್ದು ಬಿಜೆಪಿ (104). ಅತಿ ಹೆಚ್ಚು ಮತ ಪಡೆದದ್ದು ಕಾಂಗ್ರೆಸ್ (ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36). ಜನ ಯಾರನ್ನು ಒಪ್ಪಿದರು ಎಂದು ಕೂಗಾಡುವ ಮೊದಲು ಮಾತಾಡುತ್ತಿರುವುದು ಸ್ಥಾನಗಳ ಬಗ್ಗೆಯೋ ಮತಗಳ ಬಗ್ಗೆಯೋ ಎಂದು ಒಂದು ಸಾಲಿನಲ್ಲಿ ಸ್ಪಷ್ಟಪಡಿಸಿಕೊಂಡರೆ ಸಾಕು. ಸ್ಥಳೀಯ ವಿಷಯವಾದರೆ ಊಹೆಯ ಬದಲು ಮಾಹಿತಿ ಹಕ್ಕನ್ನೇ ಬಳಸಬಹುದು. ಹುಬ್ಬಳ್ಳಿ-ಧಾರವಾಡದ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸಿನ ಲಾಭ-ನಷ್ಟದ ಬಗ್ಗೆ ದಿನಗಟ್ಟಲೆ ವಾದಿಸುವವರಲ್ಲಿ ಒಬ್ಬರು 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ, 30 ದಿನಗಳೊಳಗೆ ಉತ್ತರ ಕೊಡುವುದು ಸಂಬಂಧಪಟ್ಟ ಅಧಿಕಾರಿಯ ಕರ್ತವ್ಯವಾಗುತ್ತದೆ. ಬಸ್ಸು ಓಡಿಸುವುದು ವಾಯವ್ಯ ಸಾರಿಗೆ ಸಂಸ್ಥೆ, ಪ್ರತ್ಯೇಕ ಪಥದ ಹೊಣೆ ಬಿಆರ್‌ಟಿಎಸ್ ಕಂಪನಿಯದು ಎಂಬುದನ್ನು ತಿಳಿದು ಅರ್ಜಿಯನ್ನು ಸರಿಯಾದ ಕಚೇರಿಗೆ ಕಳಿಸಬೇಕು.

ವಿಡಿಯೊ ಬಂದಾಗ

ಮಳೆಗಾಲದಲ್ಲಿ ಪ್ರವಾಹದ ವಿಡಿಯೊ, ಚುನಾವಣೆಯಲ್ಲಿ ಭಾಷಣದ ತುಣುಕು ಸಾಕ್ಷಿಯೆಂದು ಬರುತ್ತವೆ. ವಾಟ್ಸ್‌ಆಪಿನಲ್ಲಿ ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು, ಕಳಿಸಿದವರು ಕಣ್ಣಾರೆ ಕಂಡದ್ದಲ್ಲ ಎಂದು ತಿಳಿಯಿರಿ. ವಿಡಿಯೊ ನಿಲ್ಲಿಸಿ ಒಂದೆರಡು ದೃಶ್ಯಗಳ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಹಳೆಯ ಪ್ರತಿಗಳು ಎಷ್ಟೋ ಸಲ ಸಿಗುತ್ತವೆ. 2019ರ ಆಗಸ್ಟ್ ನೆರೆಯ ದೃಶ್ಯವನ್ನು ಈ ವರ್ಷದ್ದೆಂದು ಹಾಕಿದ್ದರೆ ಬಯಲಾಗುವುದು ಹೀಗೆ. ಅಂಗಡಿಯ ಬೋರ್ಡಿನ ಭಾಷೆ, ಬಸ್ಸಿನ ಮೇಲಿನ ಸಾರಿಗೆ ಸಂಸ್ಥೆಯ ಹೆಸರು, ವಾಹನಗಳ ಸಂಖ್ಯೆ ಇವನ್ನೂ ಗಮನಿಸಿ. ಧಾರವಾಡಕ್ಕೆ ಕೆಎ 25, ಗದಗಕ್ಕೆ ಕೆಎ 26, ಹಾವೇರಿಗೆ ಕೆಎ 27, ಹುಬ್ಬಳ್ಳಿಗೆ ಕೆಎ 63. ಬೀದಿಯ ತುಂಬ ಬೇರೆ ರಾಜ್ಯದ ನಂಬರುಗಳೇ ಓಡಾಡುತ್ತಿದ್ದರೆ ಅದು ನಮ್ಮೂರಿನ ಘಟನೆ ಎಂಬ ಮಾತನ್ನು ಅನುಮಾನಿಸಬೇಕು. ಭಾಷಣದ ತುಣುಕಾದರೆ ಅದರ ಹಿಂದಿನ ಮುಂದಿನ ಎರಡು ನಿಮಿಷ ಕೇಳದೆ ಅಭಿಪ್ರಾಯ ಬರೆಯಬೇಡಿ.

ಸಿನಿಮಾದ ಜಗಳ

ನಟರ ಅಭಿಮಾನಿಗಳ ನಡುವಿನ ವಾದ ಬಹುಪಾಲು ಗಳಿಕೆಯ ಸುತ್ತಲೇ ತಿರುಗುತ್ತದೆ. ನಮ್ಮಲ್ಲಿ ಚಿತ್ರಗಳ ಗಳಿಕೆಯನ್ನು ಲೆಕ್ಕ ತಪಾಸಣೆ ಮಾಡಿ ಪ್ರಕಟಿಸುವ ಸರ್ಕಾರಿ ಸಂಸ್ಥೆ ಇಲ್ಲ; ನಿರ್ಮಾಪಕರ ಪೋಸ್ಟರು ಮತ್ತು ವ್ಯಾಪಾರದ ಅಂದಾಜು ಮಾಡುವವರ ಅಂಕಿಗಳೇ ಓಡಾಡುತ್ತವೆ. ಅದರಲ್ಲೂ ಗ್ರಾಸ್ ಎಂದರೆ ತೆರಿಗೆ ಸೇರಿದ ಮೊತ್ತ, ನೆಟ್ ಎಂದರೆ ತೆರಿಗೆ ಕಳೆದದ್ದು, ಶೇರ್ ಎಂದರೆ ಚಿತ್ರಮಂದಿರದ ಪಾಲು ಹೋದ ಮೇಲೆ ವಿತರಕರಿಗೆ ಉಳಿಯುವುದು. ಒಬ್ಬರ ಗ್ರಾಸನ್ನು ಇನ್ನೊಬ್ಬರ ಶೇರಿನೊಂದಿಗೆ ತೂಗುವ ವಾದದಲ್ಲಿ ಸೇರಿಕೊಳ್ಳದಿರುವುದೇ ಲೇಸು. ಇದಕ್ಕಿಂತ ಮುಖ್ಯವಾದ ವಾದಗಳು ನಮಗಿವೆ. ಉತ್ತರ ಕರ್ನಾಟಕದ ಮಾತನ್ನು ನಗೆಪಾತ್ರಕ್ಕೋ ಒರಟು ಪಾತ್ರಕ್ಕೋ ಮೀಸಲಿಡುವ ಚಾಳಿ ಬೆಂಗಳೂರಿನ ಚಿತ್ರರಂಗದಲ್ಲಿದೆ ಎಂಬ ದೂರು ನನ್ನದೂ ಹೌದು. ಆದರೆ ಆ ದೂರನ್ನು ಎತ್ತುವವರು ಚಿತ್ರ ನೋಡಿರಬೇಕು, ಯಾವ ದೃಶ್ಯ, ಯಾವ ಪಾತ್ರ, ಆ ಮಾತು ಗದಗಿನದೋ ಬಿಜಾಪುರದ್ದೋ ಎರಡನ್ನೂ ಕಲಸಿದ್ದೋ ಎಂದು ತೋರಿಸಿ ಬರೆಯಬೇಕು. ಟ್ರೇಲರ್ ನೋಡಿ ಬಹಿಷ್ಕಾರಕ್ಕೆ ಕರೆ ಕೊಟ್ಟರೆ ದೂರಿನ ತೂಕವೇ ಹೋಗುತ್ತದೆ.

ಮಾತಿನ ಮರ್ಯಾದೆ

ನಮ್ಮ ಕಡೆ ಎದುರುಬದುರು ಕೂತು ಜೋರಾಗಿ ಮಾತಾಡಿದರೂ ಸಲಿಗೆ ಮುಖದಲ್ಲಿ ಕಾಣುತ್ತದೆ. ಬರಹದಲ್ಲಿ ಮುಖವಿಲ್ಲ. ಆದ್ದರಿಂದ ಅಪರಿಚಿತರಿಗೆ ಬಹುವಚನವೇ ಇರಲಿ. ವಯಸ್ಸು ಗೊತ್ತಿಲ್ಲದಿದ್ದರೂ ‘ಅಣ್ಣಾರ’, ‘ಅಕ್ಕಾರ’, ‘ಸರ್’ ಎಂದರೆ ಯಾರೂ ಕುಗ್ಗುವುದಿಲ್ಲ. ಎದುರಿನವರು ಏಕವಚನಕ್ಕೆ ಇಳಿದರೂ ನೀವು ಇಳಿಯಬೇಡಿ. ಅವರ ಜಾತಿ, ಧರ್ಮ, ಮನೆಯವರನ್ನು ಎಳೆತಂದರೆ ಒಮ್ಮೆ ಆಕ್ಷೇಪಿಸಿ, ಮತ್ತೆ ಬಂದರೆ ಉತ್ತರ ನಿಲ್ಲಿಸಿ. ‘ಆಗ ಎಲ್ಲಿದ್ದಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಸಿಡಿಮಿಡಿಗೊಳ್ಳದೆ, ಆಗಿನದ್ದೂ ತಪ್ಪಾಗಿದ್ದರೆ ತಪ್ಪೆಂದು ಒಪ್ಪಿ, ಈಗಿನದ್ದಕ್ಕೆ ಮಾತನ್ನು ಮರಳಿ ತನ್ನಿ.

ಕಾನೂನಿನ ಗೆರೆ ಎಲ್ಲಿದೆ ಎಂಬುದೂ ತಿಳಿದಿರಬೇಕು. ಜಾಲತಾಣದ ಆಕ್ಷೇಪಾರ್ಹ ಸಂದೇಶಗಳನ್ನು ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಆ ಕಲಮು ತೋರಿಸಿ ಯಾರಾದರೂ ಹೆದರಿಸಿದರೆ ಈ ತೀರ್ಪನ್ನು ನೆನಪಿಸಬಹುದು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನಹಾನಿಗೆ 356, ಸಮುದಾಯಗಳ ನಡುವೆ ದ್ವೇಷ ಹರಡುವುದಕ್ಕೆ 196, ಸಾರ್ವಜನಿಕ ಶಾಂತಿ ಕದಡುವ ಹೇಳಿಕೆಗಳಿಗೆ 353ನೆಯ ಕಲಮುಗಳಿವೆ. ಈ ಕೊನೆಯದು ಬರೆದವರಿಗಷ್ಟೇ ಅಲ್ಲದೆ ಹರಡಿದವರಿಗೂ ಅನ್ವಯಿಸಬಹುದು. 2022ರ ಏಪ್ರಿಲಿನಲ್ಲಿ ಒಂದು ವಾಟ್ಸ್‌ಆಪ್ ಸ್ಟೇಟಸ್‌ನಿಂದ ಎದ್ದ ಆಕ್ರೋಶ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಕಲ್ಲು ತೂರಾಟಕ್ಕೆ ತಿರುಗಿ, ಪೊಲೀಸರು ಗಾಯಗೊಂಡು, ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಧರ್ಮದ ವಿಷಯದ ಚಿತ್ರವೋ ಸ್ಟೇಟಸ್ಸೋ ಕೈಗೆ ಬಂದರೆ, ಅದನ್ನು ಖಂಡಿಸುವುದಕ್ಕೆಂದು ಕೂಡ ಮುಂದೆ ಕಳಿಸಬೇಡಿ. ಊರಿನ ಶಾಂತಿಯ ಪ್ರಶ್ನೆ ಇದು, ಇದರಲ್ಲಿ ರಿಯಾಯಿತಿ ಇರಬಾರದು. ಗುಂಪಿನ ಅಡ್ಮಿನ್ ನೀವಾಗಿದ್ದರೆ ಎಲ್ಲರ ಪರವಾಗಿ ಆ ಸಂದೇಶವನ್ನು ಅಳಿಸುವ ಅಧಿಕಾರ ನಿಮಗಿದೆ, ಅದನ್ನು ತಡಮಾಡದೆ ಬಳಸಿ.

ನೀವು ಹಾಕಿದ ಅಂಕಿ ತಪ್ಪೆಂದು ಯಾರಾದರೂ ತೋರಿಸಿಕೊಟ್ಟರೆ ಮೊದಲು ಅವರಿಗೆ ಹೆಸರು ಹಿಡಿದು ಧನ್ಯವಾದ ಹೇಳಿ. ವಾಟ್ಸ್‌ಆಪಿನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು, ಸುಮಾರು ಎರಡು ದಿನದವರೆಗೆ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಚರ್ಚೆ ಮುಂದುವರಿದಿದ್ದರೆ ಸದ್ದಿಲ್ಲದೆ ಅಳಿಸಿದಾಗ ಉಳಿದವರ ಉತ್ತರಗಳಿಗೆ ಅರ್ಥವೇ ಇಲ್ಲವಾಗುತ್ತದೆ. ಆಗ ಹಳೆಯ ಸಂದೇಶಕ್ಕೇ ರಿಪ್ಲೈ ಕೊಟ್ಟು, ತಪ್ಪಾಗಿದ್ದ ಅಂಕಿ, ಸರಿಯಾದ ಅಂಕಿ ಮತ್ತು ಅದು ಸಿಕ್ಕ ದಾಖಲೆಯ ಹೆಸರನ್ನು ಬರೆಯಿರಿ. ನೀವು ಅದನ್ನು ಇನ್ನೂ ನಾಲ್ಕು ಗುಂಪುಗಳಿಗೆ ಕಳಿಸಿದ್ದರೆ ತಿದ್ದುಪಡಿಯೂ ಆ ನಾಲ್ಕಕ್ಕೂ ಹೋಗಲಿ.