ಹೂವಿಗಿಂತ ಮೊದಲು ಎಲೆ ನೋಡಿ: ಕಡಿಮೆ ನೀರಿನ ಕೈತೋಟಕ್ಕೆ ನಮ್ಮ ನೆಲದ ಗಿಡಗಳು

ಕೈತೋಟಕ್ಕೆ ಗಿಡ ತರಲು ನರ್ಸರಿಗೆ ಹೋದವರು ಸಾಮಾನ್ಯವಾಗಿ ಹೂವಿನ ಬಣ್ಣಕ್ಕೆ ಮನಸೋತು ಗಿಡ ಆರಿಸಿಕೊಂಡು ಬರುತ್ತಾರೆ. ಬಯಲುಸೀಮೆಯಲ್ಲಿ ಮನೆ ಮಾಡಿಕೊಂಡು ಬೇಸಿಗೆಯ ನೀರಿನ ಪರದಾಟ ಕಂಡಿರುವವರಿಗೆ ನಾನು ಹೇಳುವ ಕ್ರಮ ಬೇರೆ. ನಿಮ್ಮೂರಿನ ಮಳೆಯಷ್ಟರಲ್ಲೇ ಆ ಗಿಡ ಬದುಕೀತೇ ಎಂದು ಮೊದಲು ವಿಚಾರಿಸಿ, ಅದರ ಎಲೆಯನ್ನು ಯಾವ ಹುಳ ತಿನ್ನುತ್ತದೆ ಎಂದು ಆಮೇಲೆ ಕೇಳಿ, ಹೂವಿನ ಮಾತು ಕೊನೆಗಿರಲಿ. ಹುಳ ತಿನ್ನುವ ಗಿಡವನ್ನು ದುಡ್ಡು ಕೊಟ್ಟು ತರುವುದೇ ಎಂದು ಹುಬ್ಬೇರಿಸುವವರು ಇದ್ದಾರೆ. ಆದರೆ ಹಕ್ಕಿಯೂ ಚಿಟ್ಟೆಯೂ ಬೇಕು, ಎಲೆ ಮಾತ್ರ ತೂತಾಗಬಾರದು ಎಂದರೆ ಆಗುವ ಮಾತಲ್ಲ.

ನಮ್ಮ ರಾಜ್ಯದ್ದೇ ಗಿಡ ಎಂದ ಮಾತ್ರಕ್ಕೆ ಅದು ಎಲ್ಲ ಊರಿಗೂ ಹೊಂದುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಬೆಂಗಳೂರಿನ ಸರಾಸರಿ 970 ಮಿ.ಮೀ. ಆಸುಪಾಸಿನಲ್ಲಿದೆ, ಚಳ್ಳಕೆರೆಯ ಕಡೆ 500 ಮಿ.ಮೀ. ಬಿದ್ದರೆ ಅದೇ ಒಳ್ಳೆಯ ವರ್ಷ. ಹೀಗಿರುವಾಗ ಮಲೆನಾಡಿನ ಸುರಗಿಯನ್ನೋ ಸೀತಾ ಅಶೋಕವನ್ನೋ ತಂದು ತುಮಕೂರಿನ ಬಿಸಿಲಿನಲ್ಲಿ ನೆಟ್ಟು, ನಾಡಿನ ಗಿಡವಲ್ಲವೇ, ತಾನಾಗಿಯೇ ಬೆಳೆದುಕೊಳ್ಳುತ್ತದೆ ಎಂದು ಕುಳಿತರೆ ಅದು ಒಣಗಿ ಕಡ್ಡಿಯಾಗುತ್ತದೆ. ನಿಮಗೆ ಸಮೀಪದ ಕುರುಚಲು ಕಾಡಿಗೆ, ಅದು ದೇವರಾಯನದುರ್ಗವಾಗಿರಲಿ, ಸಾವನದುರ್ಗವಾಗಿರಲಿ, ಚಿತ್ರದುರ್ಗದ ಜೋಗಿಮಟ್ಟಿಯಾಗಿರಲಿ, ಏಪ್ರಿಲ್ ತಿಂಗಳಲ್ಲಿ ಒಮ್ಮೆ ಹೋಗಿ, ಮುಂಗಾರಿಗೆ ಮೊದಲಿನ ಉರಿಬಿಸಿಲಿನಲ್ಲೂ ಯಾವ ಗಿಡ ಹಸಿರಾಗಿ ನಿಂತಿದೆ ಎಂದು ನೋಡಿ ಬನ್ನಿ. ಅದಕ್ಕಿಂತ ನಂಬಿಕೆಯ ಪಟ್ಟಿ ಯಾವ ನರ್ಸರಿಯಲ್ಲೂ ಸಿಗದು. ನೋಡಿ ಬರುವುದಷ್ಟೇ ಸರಿ. ಕಾಡಿನಿಂದ ಗಿಡ ಕಿತ್ತು ತರುವುದು ಕಾನೂನಿಗೂ ವಿರುದ್ಧ, ಹಾಗೆ ಕಿತ್ತು ತಂದ ಗಿಡ ಬದುಕುವುದೂ ಅಪರೂಪ.

ನಮ್ಮವೆಂದೇ ನಾವು ತಿಳಿದಿರುವ ಎಷ್ಟೋ ಗಿಡಮರಗಳು ಹೊರಗಿನಿಂದ ಬಂದವು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗನ್ನು ಬೆಳೆಸಿದ ಜರ್ಮನಿಯ ಕ್ರುಂಬಿಗಲ್ ಅವರು, ಬೆಂಗಳೂರಿನ ಬೀದಿಗಳಲ್ಲಿ ಒಂದರ ಹಿಂದೆ ಒಂದು ಮರ ಹೂಬಿಟ್ಟು ವರ್ಷವಿಡೀ ಬಣ್ಣ ಕಾಣುವಂತೆ ದೇಶವಿದೇಶದ ಮರಗಳನ್ನು ಹಾಕಿಸಿದರು. ಆ ಅಂದವನ್ನು ಇಂದಿಗೂ ಅನುಭವಿಸುತ್ತಿದ್ದೇವೆ, ಅದರಲ್ಲಿ ತಕರಾರಿಲ್ಲ. ಆದರೆ ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು. ಮಕ್ಕಳೆಲ್ಲ ಮುತ್ತಿಕೊಳ್ಳುವ ಗಸಗಸೆ ಹಣ್ಣಿನ ಮರವೂ ಅಮೆರಿಕದಿಂದ ಬಂದದ್ದೇ. ಅದರ ಹಣ್ಣಿಗೆ ಬದನಿಕೆ ಹಕ್ಕಿ, ಪಿಕಳಾರಗಳು ಬಿಡುವಿಲ್ಲದೆ ಬರುವುದರಿಂದ ಈಗಾಗಲೇ ಅಂಗಳದಲ್ಲಿ ಬೆಳೆದು ನಿಂತಿದ್ದರೆ ಕಡಿಯಬೇಡಿ ಎಂದೇ ಹೇಳುತ್ತೇನೆ. ಲಂಟಾನದ ವಿಷಯದಲ್ಲಿ ಮಾತ್ರ ನನಗೆ ಯಾವ ದಾಕ್ಷಿಣ್ಯವೂ ಇಲ್ಲ. ಅದರ ಹೂವಿಗೆ ಚಿಟ್ಟೆ ಬರುವುದು ನಿಜವೇ, ಆದರೆ ಹಕ್ಕಿಗಳು ಅದರ ಹಣ್ಣು ತಿಂದು ಬೀಜವನ್ನು ಎಲ್ಲೆಂದರಲ್ಲಿ ಬಿತ್ತುತ್ತವೆ. ಬಂಡೀಪುರದಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಅದು ಹುಲ್ಲನ್ನೂ ಎಳೆಯ ಸಸಿಗಳನ್ನೂ ಅದುಮಿ ಹಬ್ಬಿರುವುದನ್ನು ಕಂಡವರು ಮನೆಯಲ್ಲಿ ಬಣ್ಣಬಣ್ಣದ ಲಂಟಾನವನ್ನು ಕುಂಡದಲ್ಲಿಟ್ಟು ಸಾಕುವುದಿಲ್ಲ.

ಇನ್ನು ನೀರಿನ ಲೆಕ್ಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಮನೆಯ ಮುಂದೆ 30 ಚದರ ಮೀಟರ್ ಮೆಕ್ಸಿಕನ್ ಹುಲ್ಲಿನ ಹಾಸು ಮಾಡಿಸಿ, ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ.ನಷ್ಟು ನೀರು ಕೊಟ್ಟರೆ ದಿನಕ್ಕೆ 150 ಲೀಟರ್, ತಿಂಗಳಿಗೆ 4,500 ಲೀಟರ್ ಬೇಕಾಗುತ್ತದೆ. ಇಷ್ಟು ಕುಡಿದ ಹುಲ್ಲಿಗೆ ಹೆಚ್ಚೇನೂ ಚಿಟ್ಟೆ ಬಾರದು, ಹಕ್ಕಿಗೂ ಅಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. 2024ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲೂ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದಾಗ ಮೊದಲು ಕಂದಿದ್ದು ಇಂಥ ಹಾಸುಗಳೇ. ಕಾಲಿಡಲು ಹಸಿರು ಬೇಕೇಬೇಕು ಎನ್ನುವವರು ಗರಿಕೆಯನ್ನು ಬೆಳೆಸಲಿ. ಬೇಸಿಗೆಯಲ್ಲಿ ಅದು ಕಂದುಬಣ್ಣಕ್ಕೆ ತಿರುಗಿದರೂ ಬೇರು ಸಾಯುವುದಿಲ್ಲ, ಮೊದಲ ಹದಮಳೆಗೆ ಮತ್ತೆ ಚಿಗುರುತ್ತದೆ, ಗಣಪತಿಯ ಪೂಜೆಗೂ ಅಂಗಳದಲ್ಲೇ ಸಿಗುತ್ತದೆ.

ಬೇಲಿಯ ಸಾಲಿಗೆ ಹಳದಿ ಎಲೆಯ ಡುರಾಂಟ ಹಾಕುವ ಬದಲು ಲಕ್ಕಿ, ಆಡುಸೋಗೆ, ಬಂದರಿಕೆಗಳನ್ನು ಹಾಕಿ. ಇವು ಮೂರೂ ನಮ್ಮ ಹೊಲದ ಬದುಗಳಲ್ಲಿ, ಕಲ್ಲುಗುಡ್ಡಗಳಲ್ಲಿ ಬೆಳೆದು ಬಂದವು, ದನಕರುಗಳು ಬಾಯಿ ಹಾಕುವುದು ಕಡಿಮೆ, ಕತ್ತರಿಸಿದಷ್ಟೂ ಒತ್ತಾಗಿ ಚಿಗುರುತ್ತವೆ. ಲಕ್ಕಿಯ ನೇರಳೆ ಹೂಗೊಂಚಲಿಗೆ ಜೇನುನೊಣಗಳು ಮುಗಿಬೀಳುತ್ತವೆ, ಅದರ ಒಣಗಿದ ಎಲೆಯನ್ನು ಕಾಳಿನ ಡಬ್ಬಿಯಲ್ಲಿ ಹಾಕಿಟ್ಟರೆ ಹುಳುವಿನ ಕಾಟ ತಗ್ಗುತ್ತದೆ. ಕಳ್ಳಕಾಕರ, ಬೀದಿದನಗಳ ಭಯವಿರುವ ಕಡೆ ಕವಳೆಯ ಗಿಡ ಒಳ್ಳೆಯದು. ಅದರ ಮುಳ್ಳಿನ ನಡುವೆ ಬೆಕ್ಕು ನುಗ್ಗಲಾರದ ಕಾರಣ ಪಿಕಳಾರಗಳು ಧೈರ್ಯವಾಗಿ ಗೂಡು ಕಟ್ಟುತ್ತವೆ, ಕಾಯಿಯಿಂದ ಸೊಗಸಾದ ಉಪ್ಪಿನಕಾಯಿಯೂ ಆಗುತ್ತದೆ.

ಈಗ ಎಲೆಯ ವಿಷಯಕ್ಕೆ ಬರೋಣ, ಏಕೆಂದರೆ ತೋಟದ ಜೀವವಿರುವುದು ಅಲ್ಲೇ. ಚಿಟ್ಟೆ ಯಾವ ಹೂವಿನ ಮಕರಂದವನ್ನಾದರೂ ಕುಡಿದೀತು, ಆದರೆ ಮೊಟ್ಟೆಯಿಡುವಾಗ ಅದು ಬಹಳ ಕಟ್ಟುನಿಟ್ಟು. ತನ್ನ ಮರಿ ತಿನ್ನಬಲ್ಲ ಎಲೆಯೇ ಬೇಕು. ಅಡುಗೆಮನೆಯ ಹಿಂದಿನ ಕರಿಬೇವನ್ನೇ ನೋಡಿ. ನಿಂಬೆ ಚಿಟ್ಟೆ ಎಳೆಯ ಚಿಗುರನ್ನು ಹುಡುಕಿ, ರೆಕ್ಕೆ ಬಡಿಯುತ್ತಲೇ ಹೊಟ್ಟೆಯ ತುದಿಯನ್ನು ಬಾಗಿಸಿ, ಎಲೆಗೊಂದರಂತೆ ಗುಂಡನೆಯ ತಿಳಿಹಳದಿ ಮೊಟ್ಟೆಯಿಡುತ್ತದೆ. ಹೊರಬಂದ ಹುಳು ಮೊದಮೊದಲು ಕಪ್ಪುಬಿಳುಪಾಗಿ ಥೇಟ್ ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಹಕ್ಕಿಯ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಬೆಳೆದ ಮೇಲೆ ಅದು ಎಲೆಯದೇ ಹಸಿರು ಬಣ್ಣಕ್ಕೆ ತಿರುಗುತ್ತದೆ, ಬೆರಳು ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಆಮೇಲೆ ಕಡ್ಡಿಗೆ ನೂಲಿನ ನಡುಪಟ್ಟಿ ಕಟ್ಟಿಕೊಂಡು ಕೋಶವಾಗುತ್ತದೆ. ಒಗ್ಗರಣೆಗೆ ಎಲೆ ಉಳಿಯಬೇಕಲ್ಲ ಎಂಬುದು ಮನೆಯಾಕೆಯ ನ್ಯಾಯವಾದ ಚಿಂತೆ. ಅದಕ್ಕೆ ನನ್ನ ಉತ್ತರ ಸರಳ: ಎರಡು ಕರಿಬೇವಿನ ಗಿಡ ನೆಡಿ, ಒಂದರ ಹುಳುವನ್ನು ಎತ್ತಿ ಇನ್ನೊಂದಕ್ಕೆ ಬಿಡಿ. ನಾಲ್ಕಡಿ ದಾಟಿದ ಕರಿಬೇವು ಎಲೆ ಪೂರ್ತಿ ಹೋದರೂ ಮತ್ತೆ ಚಿಗುರುತ್ತದೆ. ಬಿಲ್ವದ ಎಲೆಯೂ ಇದೇ ಚಿಟ್ಟೆಗೆ ಆಗುತ್ತದೆ.

ಬಿಸಿಲಿನ ಮೂಲೆಗೆ ತಂಗಡಿಯನ್ನು ಮೀರಿಸಿದ ಗಿಡವನ್ನು ನಾನು ಕಂಡಿಲ್ಲ. ಬೇರೂರಿದ ಮೇಲೆ ನೀರೇ ಕೇಳುವುದಿಲ್ಲ, ವರ್ಷದ ಬಹುಕಾಲ ಹಳದಿ ಹೂ ಹೊತ್ತು ನಿಂತಿರುತ್ತದೆ. ಈ ಹೂವಿನಲ್ಲಿ ಮಕರಂದವಿಲ್ಲ, ಪರಾಗವಷ್ಟೇ. ಅದೂ ಕೇಸರದ ತುದಿಯ ಸಣ್ಣ ರಂಧ್ರದಿಂದ ಉದುರಬೇಕು. ಕಪ್ಪು ದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು ಮೈಯನ್ನು ಅದುರಿಸುತ್ತದೆ. ಹಾರುವಾಗಿನ ಸದ್ದಿಗಿಂತ ತೀಕ್ಷ್ಣವಾದ ಒಂದು ಗುಂಯ್ ಕೇಳಿಸುತ್ತದೆ, ಪರಾಗವು ಪುಡಿಯಾಗಿ ಅದರ ಹೊಟ್ಟೆಗೆ ಬಂದು ಮೆತ್ತಿಕೊಳ್ಳುತ್ತದೆ. ಬೆಳಗಿನ ಹೊತ್ತು ಗಿಡದ ಪಕ್ಕ ಸ್ವಲ್ಪ ನಿಂತರೆ ಯಾರಾದರೂ ಕೇಳಬಹುದು. ತಂಗಡಿಯ ಮತ್ತು ಅದರ ಬಳಗದ ಕಕ್ಕೆಯ ಎಲೆಗಳ ಮೇಲೆ ಹಳದಿಬಿಳಿ ಬಣ್ಣದ ವಲಸೆ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ಎಕ್ಕವನ್ನು ಮನೆಯ ಬಳಿ ಬಿಡಲು ಹಲವರು ಹಿಂಜರಿಯುತ್ತಾರೆ, ಆದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುವಿನಿಂದ ಕಿತ್ತಳೆ ಬಣ್ಣದ ಹುಲಿಚಿಟ್ಟೆ ಬರಬೇಕಾದರೆ ಎಕ್ಕವೋ ಅದರ ಬಳಗದ ಹಾಲುಗಿಡವೋ ಇರಲೇಬೇಕು. ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯವಾದ್ದರಿಂದ ಮಕ್ಕಳಾಡುವ ಜಾಗದಿಂದ ದೂರವಿರಲಿ.

ಈಶ್ವರಿ ಬಳ್ಳಿಯನ್ನು ಹಂದರಕ್ಕೆ ಹಬ್ಬಿಸಿದವರ ಮನೆಗೆ ಕೆಂಪು ಮೈಯ, ಕಪ್ಪು ರೆಕ್ಕೆಯ ಗುಲಾಬಿ ಚಿಟ್ಟೆಗಳು ಬರುತ್ತವೆ. ನಮ್ಮ ರಾಜ್ಯದ ಚಿಟ್ಟೆಯೆಂದು ಸರ್ಕಾರ ಸಾರಿರುವ ದೊಡ್ಡ ಗಾತ್ರದ ಹೊಂಬಣ್ಣದ ಚಿಟ್ಟೆಯ ಹುಳುವೂ ಈ ಬಳ್ಳಿಯ ಬಳಗದ್ದನ್ನೇ ತಿನ್ನುತ್ತದೆ, ಆದರೆ ಅದು ಸಹ್ಯಾದ್ರಿಯ ಸೀಮೆಯದು. ಬಯಲಿನವರು ಅದಕ್ಕಾಗಿ ಕಾಯಬೇಕಿಲ್ಲ. ಈ ಬಳ್ಳಿಯನ್ನು ಮನೆಮದ್ದೆಂದು ಕುದಿಸಿ ಕುಡಿಯುವ ಅಭ್ಯಾಸ ಕೆಲವರಲ್ಲಿದೆ, ಅದು ಖಂಡಿತ ಬೇಡ. ಅದರಲ್ಲಿರುವ ವಸ್ತು ಮೂತ್ರಪಿಂಡವನ್ನು ಕೆಡಿಸುತ್ತದೆ. ಅಮೃತಬಳ್ಳಿಯ ಬಗ್ಗೆಯೂ ಒಂದು ಮಾತು: ದಾಳಿಂಬೆ, ಮೂಸಂಬಿಯ ತೋಟವಿರುವವರು ಅದನ್ನು ಹತ್ತಿರ ಹಬ್ಬಿಸದಿರುವುದು ವಾಸಿ, ಏಕೆಂದರೆ ಹಣ್ಣು ಚುಚ್ಚುವ ಪತಂಗದ ಹುಳು ಬೆಳೆಯುವುದು ಅದರ ಎಲೆ ತಿಂದೇ. ತುಂಬೆಯಂಥ ಪುಟ್ಟ ಗಿಡ ಮಳೆಗಾಲದಲ್ಲಿ ತಾನಾಗಿ ಹುಟ್ಟಿದರೆ ಕಳೆಯೆಂದು ಕೀಳದೆ ಬಿಡಿ, ಸಣ್ಣ ಚಿಟ್ಟೆಗಳಿಗೂ ಜೇನಿಗೂ ಅದು ದೊಡ್ಡ ಆಸರೆ. ಗಿಲಿಗಿಚ್ಚಿಯ ಗಿಡ ಒಣಗಿದ ಮೇಲೂ ಕಿತ್ತೆಸೆಯಬಾರದು. ನೀಲಿ ಹುಲಿಚಿಟ್ಟೆಯ ಗಂಡುಗಳು ಆ ಒಣ ಕಡ್ಡಿಗೆ ಜೋತುಬಿದ್ದು, ಹೆಣ್ಣನ್ನು ಸೆಳೆಯುವ ಗಂಧಕ್ಕೆ ಬೇಕಾದ ಸಾರವನ್ನು ಹೀರಿಕೊಳ್ಳುತ್ತವೆ.

ಇಂಥ ತೋಟದಲ್ಲಿ ಕೀಟನಾಶಕಕ್ಕೆ ಜಾಗವಿಲ್ಲ. ಹೊಂಗೆಯ ಎಲೆಯ ಮೇಲೆ ಗಂಟುಗಂಟಾಗಿ ಏಳುವುದು ಕಣ್ಣಿಗೆ ಕಾಣದ ನುಸಿಯ ಕೆಲಸ. ಮರಕ್ಕೆ ಅದರಿಂದ ಆಗುವ ನಷ್ಟ ಅಲ್ಪ, ಔಷಧಿ ಹೊಡೆಸುವ ಅಗತ್ಯವಿಲ್ಲ. ಹೂವಿನ ರಸ ಕುಡಿಯುವ ಸೂರಕ್ಕಿಯೂ ತನ್ನ ಮರಿಗೆ ತಿನ್ನಿಸುವುದು ಹುಳುವನ್ನು, ಜೇಡವನ್ನು; ಟುವ್ವಿ ಹಕ್ಕಿಗಂತೂ ಹುಳುವೇ ಊಟ. ಎಲೆಗೆ ವಿಷ ಬಿದ್ದರೆ ಈ ಮರಿಗಳಿಗೆ ಉಪವಾಸ.

ಗಿಡಗಳನ್ನು ಬಾಯಾರಿಕೆಯ ಲೆಕ್ಕದಲ್ಲಿ ಗುಂಪು ಮಾಡಿ ನೆಡುವುದು ನೀರು ಉಳಿಸುವ ದೊಡ್ಡ ಉಪಾಯ. ಕೇಪಳ, ಕನಕಾಂಬರಗಳು ನಮ್ಮವೇ ಆದರೂ ಸ್ವಲ್ಪ ತೇವ ಬೇಡುತ್ತವೆ; ಅವು ಸೂರಿನ ನೀರು ಬೀಳುವ ಕಡೆ, ಅರೆನೆರಳಿನಲ್ಲಿ ಇರಲಿ. ನೂರು ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಮಳೆಯಾದರೆ ಎರಡು ಸಾವಿರ ಲೀಟರಿನಷ್ಟು ನೀರು ಇಳಿಯುತ್ತದೆ, ಅದನ್ನು ಚರಂಡಿಗೆ ಬಿಡುವುದಕ್ಕಿಂತ ಆ ಪಾತಿಗೆ ತಿರುಗಿಸಿ. ಸ್ಫಟಿಕದ ಗಿಡ ಮಳೆ ಮುಗಿದು ಚಳಿ ಹಿಡಿಯುವಾಗ ಹೂಬಿಡುವುದರಿಂದ ಬೇರೆ ಹೂ ಕಡಿಮೆಯಾದ ತಿಂಗಳುಗಳಿಗೆ ಒದಗುತ್ತದೆ. ತಂಗಡಿ, ಲಕ್ಕಿ, ಬಂದರಿಕೆಗಳು ಕೊಳಾಯಿಯಿಂದ ದೂರವಿದ್ದಷ್ಟೂ ಒಳ್ಳೆಯದು, ನೀರು ಅತಿಯಾದರೆ ಅವಕ್ಕೇ ಕೇಡು.

ಮರದ ವಿಷಯದಲ್ಲಿ ಆಸೆಗೆ ಮಿತಿಯಿರಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಆಲ, ಅರಳಿ, ಅತ್ತಿಗಳನ್ನು ನೆಟ್ಟರೆ ಅವುಗಳ ಬೇರು ಪಾಯವನ್ನೂ ಸಂಪನ್ನೂ ಹುಡುಕಿಕೊಂಡು ಬರುತ್ತದೆ; ಅವು ಊರಿನ ಗುಂಡುತೋಪಿಗೆ, ಕೆರೆಯ ಏರಿಗೆ ಇರಲಿ. ಸಣ್ಣ ಜಾಗಕ್ಕೆ ಪಾರಿಜಾತ, ನೆಲ್ಲಿ, ಬಿಲ್ವಗಳಲ್ಲಿ ಒಂದು ಸಾಕು. ಬೀದಿಬದಿಯಲ್ಲಿ ಅವಕಾಶವಿದ್ದರೆ ಹೊಂಗೆಯನ್ನೋ ಬೇವನ್ನೋ ಹಾಕಿ. ಹೊಂಗೆ ಎಲೆ ಉದುರಿಸುವುದು ಕೆಲವೇ ದಿನ, ಯುಗಾದಿಯ ಹೊತ್ತಿಗೆ ಹೊಸ ಚಿಗುರಿನಿಂದ ತುಂಬಿ ಕಡುಬೇಸಿಗೆಯಲ್ಲಿ ನೆರಳು ಕೊಡುತ್ತದೆ. ಉದುರಿದ ಎಲೆಯನ್ನು ಸುಡದೆ, ಗಿಡಗಳ ಸುತ್ತ ಮೂರು ನಾಲ್ಕು ಅಂಗುಲ ದಪ್ಪ ಮುಚ್ಚಿಗೆ ಹಾಕಿ, ಬುಡಕ್ಕೆ ಮಾತ್ರ ತಾಗದಂತೆ ಗೇಣಗಲ ಬಿಡಿ. ಹಾವಿನ ಭಯವಿರುವವರು ಎಲೆಯ ರಾಶಿಯನ್ನು ಬಾಗಿಲಿನಿಂದಲೂ ಗೋಡೆಯಿಂದಲೂ ದೂರವಿಡಲಿ.

ನಾಡಿನ ಗಿಡಕ್ಕೆ ನೀರೇ ಬೇಡ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಮೊದಲ ಎರಡು ಬೇಸಿಗೆ ಅದಕ್ಕೂ ಆರೈಕೆ ಬೇಕು. ದಿನವೂ ಚೊಂಬು ನೀರು ಚಿಮುಕಿಸಿದರೆ ಬೇರು ಮೇಲುಮೇಲೆಯೇ ಹರಡಿ ಗಿಡ ಸೋಮಾರಿಯಾಗುತ್ತದೆ. ವಾರಕ್ಕೊಮ್ಮೆ ಹತ್ತು ಹನ್ನೆರಡು ಲೀಟರ್ ನಿಧಾನವಾಗಿ ಇಂಗಿಸಿದರೆ ಬೇರು ತೇವವನ್ನು ಹಿಂಬಾಲಿಸಿ ಆಳಕ್ಕೆ ಇಳಿಯುತ್ತದೆ. ಬಣ್ಣ ಹಚ್ಚದ ಮಣ್ಣಿನ ಮಡಕೆಯನ್ನು ಗಿಡದ ಪಕ್ಕ ಕತ್ತಿನವರೆಗೆ ಹೂತು, ನೀರು ತುಂಬಿ ಮುಚ್ಚಿದರೆ ಅದು ತಾನೇ ಜಿನುಗುತ್ತದೆ, ಊರಿಗೆ ಹೋಗಿ ಬರುವವರಿಗೆ ಅನುಕೂಲ. ಹಕ್ಕಿಗೆಂದು ಇಡುವ ನೀರಿನ ಬೋಗುಣಿ ಎರಡಂಗುಲಕ್ಕಿಂತ ಆಳವಿರಬಾರದು, ಒಳಗೆ ಕಾಲೂರಲು ಒಂದೆರಡು ಕಲ್ಲಿರಲಿ. ಎರಡು ದಿನಕ್ಕೊಮ್ಮೆ ಚೆಲ್ಲಿ ತಿಕ್ಕಿ ತುಂಬಿದರೆ ಸೊಳ್ಳೆಯ ಮರಿಗೆ ಬೆಳೆಯಲು ಸಮಯ ಸಿಗುವುದಿಲ್ಲ. ಚೆಲ್ಲಿದ ನೀರು ಬೀಳುವ ಜಾಗಕ್ಕೆ ಕಾಂಕ್ರೀಟು ಹಾಕಬೇಡಿ, ಆ ಒದ್ದೆ ಮಣ್ಣಿನಲ್ಲಿ ಚಿಟ್ಟೆಗಳು ಲವಣ ಹೀರುತ್ತವೆ, ಕೆಲವು ಜಾತಿಯ ಒಂಟಿ ಜೇನುಗಳು ಪಕ್ಕದ ಬರಿನೆಲದಲ್ಲಿ ಬಿಲ ತೋಡುತ್ತವೆ.

ಸಸಿ ನೆಡಲು ಮೃಗಶಿರಾ, ಆರಿದ್ರಾ ಮಳೆಯ ಹೊತ್ತು ಸರಿಯಾದದ್ದು; ಆಗ ತಪ್ಪಿದವರು ಹಿಂಗಾರಿನವರೆಗೂ ನೆಡಬಹುದು. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಹೊಂಗೆ, ಬೇವು, ನೆಲ್ಲಿಯ ಸಸಿಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಆಳೆತ್ತರದ ಗಿಡಕ್ಕೆ ಆಸೆಪಡದೆ ಮೊಣಕಾಲೆತ್ತರದ್ದನ್ನು ಆರಿಸಿ, ಚೀಲದೊಳಗೆ ಬೇರು ಸುತ್ತಿಕೊಂಡಿದ್ದರೆ ಅಂಥದ್ದನ್ನು ಬಿಡಿ. ತಂಗಡಿ, ಗಿಲಿಗಿಚ್ಚಿಗಳನ್ನು ಮಾರುವವರು ಕಡಿಮೆ, ಆದ್ದರಿಂದ ಒಣಗಿದ ಕಾಯಿಯನ್ನು ರಸ್ತೆ ಬದಿಯಿಂದ ತಂದು ಬೀಜ ಬಿಡಿಸಿಟ್ಟುಕೊಳ್ಳಿ. ಸಿಪ್ಪೆ ಗಟ್ಟಿಯಾದ್ದರಿಂದ ಕುದಿಸಿ ಇಳಿಸಿದ ನೀರಿಗೆ ಹಾಕಿ, ಅದು ಆರಿದ ಮೇಲೂ ಒಂದು ರಾತ್ರಿ ಹಾಗೇ ಬಿಟ್ಟು ಬಿತ್ತಿದರೆ ಚೆನ್ನಾಗಿ ಮೊಳೆಯುತ್ತವೆ. ಬೇವಿನ ಬೀಜಕ್ಕೆ ಈ ಉಪಚಾರ ಬೇಡ, ಆದರೆ ಅದನ್ನು ಕೂಡಿಟ್ಟರೆ ಕೆಲವೇ ವಾರಗಳಲ್ಲಿ ಮೊಳಕೆಯ ಶಕ್ತಿ ಹೋಗುವುದರಿಂದ, ಹಣ್ಣು ಉದುರಿದ ವಾರದಲ್ಲೇ ತಿರುಳು ತೊಳೆದು ಚೀಲದ ಮಣ್ಣಿಗೆ ಹಾಕಬೇಕು.