ಹಿಟ್ಟು ತೊಳೆದು ಮಾಡುವ ಲಿಯಾಂಗ್‌ಪಿ

ಬೇಸಿಗೆ ಬಂತೆಂದರೆ ಚೀನಾದ ಶಿಆನ್ ನಗರದ ಗಲ್ಲಿ ಗಲ್ಲಿಯಲ್ಲೂ ಲಿಯಾಂಗ್‌ಪಿ ಸಿಗುತ್ತದೆ. ಆವಿಯಲ್ಲಿ ಬೆಂದ ತೆಳು ಹಾಳೆಯನ್ನು ಅಗಲ ಎಳೆಗಳಾಗಿ ಕತ್ತರಿಸಿ, ಖಾರದೆಣ್ಣೆ, ವಿನೆಗರ್, ಬೆಳ್ಳುಳ್ಳಿ ನೀರು ಬೆರೆಸಿ ತಣ್ಣಗೆ ತಿನ್ನುವ ತಿಂಡಿ ಅದು. ಶಿಆನ್ ಬಳಿಯ ಚಿನ್‌ಝೆನ್ ಊರಿನ ಲಿಯಾಂಗ್‌ಪಿ ಅಕ್ಕಿಯದು. ಅದೇ ಪ್ರಾಂತ್ಯದ ಹಾನ್‌ಝೋಂಗ್ ನಗರದವರೂ ಅಕ್ಕಿಯಲ್ಲೇ ಮಾಡುತ್ತಾರೆ, ಆದರೆ ಬಿಸಿಯಾಗಿಯೂ ತಿನ್ನುತ್ತಾರೆ. ಕೆಲಸದ ಮೇಲೆ ಶಿಆನ್‌ನಲ್ಲಿದ್ದಾಗ ಪಕ್ಕದ ಮನೆಯ ಅಜ್ಜಿಯಿಂದ ನಾನು ಕಲಿತದ್ದು ಗೋಧಿಯದು. ಸಸ್ಯಾಹಾರಿಯಾದ ನನಗೆ ಅಲ್ಲಿ ಹೊಟ್ಟೆ ತುಂಬಾ, ನೆಮ್ಮದಿಯಿಂದ ತಿನ್ನಲು ಸಿಕ್ಕಿದ್ದು ಇದೇ.

ಅರ್ಧ ಕೆಜಿ ಮೈದಾಕ್ಕೆ ಒಂದು ಚಮಚ ಉಪ್ಪು, ಸುಮಾರು 260 ಮಿಲಿ ನೀರು ಹಾಕಿ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡುತ್ತೇನೆ. ಆಮೇಲೆ ಅಗಲವಾದ ಪಾತ್ರೆಯಲ್ಲಿ ಆ ಮುದ್ದೆ ಮುಳುಗುವಷ್ಟು ನೀರು ಹಾಕಿ, ಬಟ್ಟೆ ಹಿಂಡಿದಂತೆ ಹಿಸುಕುತ್ತಾ ಹೋಗಬೇಕು. ನೀರು ಹಾಲಿನಂತಾಗುತ್ತದೆ. ಅದನ್ನು ಸೋಸಿ ಬೇರೆ ಪಾತ್ರೆಗೆ ಬಸಿದು, ಮತ್ತೆ ಹೊಸ ನೀರು. ನಡುವೆ ಒಂದು ಹಂತದಲ್ಲಿ ಮುದ್ದೆ ಚೂರುಚೂರಾಗಿ, ಇನ್ನು ಮುಗಿಯಿತು ಅನ್ನಿಸುತ್ತದೆ. ಕೈ ನಿಲ್ಲಿಸಬೇಡಿ, ಚೂರುಗಳು ತಾವೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನಾಲ್ಕೈದು ನೀರು ಆಗುವಷ್ಟರಲ್ಲಿ ಕೈಯಲ್ಲಿ ಉಳಿಯುವುದು ನಸು ಹಳದಿಯ, ಎಳೆದರೆ ರಬ್ಬರಿನಂತೆ ಹಿಗ್ಗುವ ಅಂಟು ಮಾತ್ರ. ಅದಕ್ಕೆ ಚಿಟಿಕೆ ಯೀಸ್ಟ್ ನಾದಿ, ಉಬ್ಬಲು ಬಿಟ್ಟು, 20 ನಿಮಿಷ ಹಬೆಯಲ್ಲಿ ಬೇಯಿಸಿದರೆ ತೂತುತೂತಾದ ಸ್ಪಂಜಿನಂತಾಗುತ್ತದೆ. ಖಾರದ ರಸವನ್ನೆಲ್ಲ ಹೀರಿಕೊಳ್ಳುವ ಈ ತುಂಡುಗಳಿಲ್ಲದ ಲಿಯಾಂಗ್‌ಪಿ ನನ್ನ ಮಟ್ಟಿಗೆ ಅರ್ಧ ಲಿಯಾಂಗ್‌ಪಿಯೇ.

ಬಸಿದಿಟ್ಟ ಗೋಧಿ ಹಾಲನ್ನು ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಇಡೀ ತಿಂಡಿ ನಿಂತಿರುವುದು ಇದರ ಮೇಲೆಯೇ. ಬೇಗ ಮುಗಿಸಲು ಹಿಟ್ಟನ್ನು ನೇರ ನೀರಲ್ಲಿ ಕಲಸಿ ಹಬೆಗಿಡುವವರಿದ್ದಾರೆ. ಆ ಹಾಳೆಗೆ ಹೊಳಪೂ ಇರುವುದಿಲ್ಲ, ಹಲ್ಲಿಗೆ ಸಿಗುವ ಜಿಗುಟೂ ಇರುವುದಿಲ್ಲ. ಮೇಲೆ ನಿಂತ ತಿಳಿನೀರನ್ನು ಚೆಲ್ಲಿ, ತಳದ ಗಷ್ಟನ್ನು ಚೆನ್ನಾಗಿ ಕಲಕಿದರೆ ತೆಳು ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಪ್ರತಿ ಸಲ ಸೌಟು ಹಾಕುವ ಮುನ್ನ ಮತ್ತೆ ಕಲಕಬೇಕು, ಗಷ್ಟು ತಳ ಹಿಡಿಯುವುದು ಬಲು ಬೇಗ.

ಅಂಚಿರುವ ಚಪ್ಪಟೆ ಸ್ಟೀಲ್ ತಟ್ಟೆಗೆ ಎಣ್ಣೆ ಸವರಿ, ಒಂದು ಸೌಟು ಹಾಕಿ ಆಡಿಸಿ, ಕುದಿಯುವ ನೀರಿನ ಮೇಲೆಯೇ ತಟ್ಟೆಯನ್ನು ತೇಲಿಬಿಡುತ್ತೇನೆ. ಅಜ್ಜಿಯ ಪದ್ಧತಿಯೂ ಇದೇ. ನೀರು ತಾನೇ ಸಮತಟ್ಟು ಮಾಡಿಕೊಡುವುದರಿಂದ ಹಾಳೆ ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ. ಮುಚ್ಚಿ ಜೋರು ಉರಿಯಲ್ಲಿ ಎರಡು ನಿಮಿಷ. ದೊಡ್ಡ ಗುಳ್ಳೆಗಳೆದ್ದು ಹಾಳೆ ಅರೆಪಾರದರ್ಶಕವಾದರೆ ಬೆಂದಂತೆ. ತಟ್ಟೆಯನ್ನು ತಣ್ಣೀರಿನ ಮೇಲಿಟ್ಟು ಆರಿಸಿ, ಹಾಳೆ ಬಿಡಿಸಿ, ಎಣ್ಣೆ ಸವರಿ ಒಂದರ ಮೇಲೊಂದು ಪೇರಿಸಬಹುದು.

ಖಾರದೆಣ್ಣೆಗೆ ಅಲ್ಲಿನ ಉದ್ದ ಮೆಣಸಿನಕಾಯಿಯನ್ನೇ ಬಳಸುತ್ತಾರೆ. ಬಣ್ಣ, ಘಮ ಹೆಚ್ಚು, ಖಾರ ಕಡಿಮೆ. ಇಲ್ಲಿ ಮಾಡುವವರಿಗೆ ಬ್ಯಾಡಗಿ ಮೆಣಸಿನ ಪುಡಿ ಚೆನ್ನಾಗಿ ಒಗ್ಗುತ್ತದೆ. ಎಣ್ಣೆಯಲ್ಲಿ ಚಕ್ರಮೊಗ್ಗು, ಸೋಂಪು, ಸಿಚುವಾನ್ ಮೆಣಸು ಬಾಡಿಸಿ ತೆಗೆದುಹಾಕಿ, ಹೊಗೆಯಾಡುವ ಎಣ್ಣೆಯನ್ನು ಸ್ವಲ್ಪ ಆರಿಸಿ, ಎಳ್ಳು ಬೆರೆಸಿದ ಪುಡಿಯ ಮೇಲೆ ಮೂರು ಸಲವಾಗಿ ಸುರಿಯಬೇಕು. ಕೊನೆಯಲ್ಲಿ ಒಂದು ಚಮಚ ವಿನೆಗರ್ ಬಿದ್ದಾಗ ಅದು ಭುಸ್ಸೆಂದು ಉಕ್ಕಿ ಮನೆಯೆಲ್ಲ ಘಮ್ಮೆನ್ನುತ್ತದೆ. ಮಲೆನಾಡಿನ ಜುಮ್ಮನಕಾಯಿ ಸಿಚುವಾನ್ ಮೆಣಸಿನ ಕುಲದ್ದೇ. ಸಿಕ್ಕರೆ ಅದನ್ನೂ ಹಾಕಿ.

ಹಾಳೆಯನ್ನು ಬೆರಳಗಲ ಕತ್ತರಿಸಿ, ಸೌತೆಕಾಯಿ, ಬಿಸಿನೀರಲ್ಲಿ ಅದ್ದಿ ತೆಗೆದ ಮೊಳಕೆ, ಅಂಟಿನ ತುಂಡು ಸೇರಿಸಿ ಆಗಲೇ ಕಲಸಿ ತಿನ್ನಿ. ಫ್ರಿಜ್‌ನಲ್ಲಿಟ್ಟರೆ ಮರುದಿನ ಗಡುಸಾಗಿ ಮುರಿಯುತ್ತದೆ. ಖಾರದೆಣ್ಣೆ ಮಾತ್ರ ಒಣ ಗಾಜಿನ ಬಾಟಲಿಯಲ್ಲಿ ವಾರಗಟ್ಟಲೆ ಚೆನ್ನಾಗಿರುತ್ತದೆ.